ಸ್ಪೆಕ್ಟ್ರಮ್ ದೊಡ್ಡದೋ, ಕಮೊಡೋರ್ ದೊಡ್ಡದೋ? 40 ವರ್ಷವಾದರೂ ಮುಗಿಯದ ಗೇಮ್ ಜಗಳ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

(ಕ್ಯಾಸೆಟ್‌ನಿಂದ ಬರುವ ಕೀರಲು ಸದ್ದು, ಕೆಲವು ಸೆಕೆಂಡ್)

ಈಗ ಒಂದು ಸದ್ದು ಕೇಳಿಸ್ತಲ್ಲ? ಇಯರ್‌ಫೋನ್ ಕೆಟ್ಟೋಯ್ತು ಅಂದ್ಕೊಂಡು ಕಿವಿಯಿಂದ ತೆಗೆದುಬಿಡಬೇಡಿ. ಅದು ಒಂದು ಗೇಮ್. ನಿಜವಾಗಲೂ. 1980ರ ದಶಕದಲ್ಲಿ ಬ್ರಿಟನ್ನಿನ ಮಕ್ಕಳು ಗೇಮ್ ಕೊಳ್ಳುತ್ತಿದ್ದದ್ದು ಕ್ಯಾಸೆಟ್‌ನಲ್ಲಿ. ನಿಮ್ಮ ಅಪ್ಪ-ಅಮ್ಮ ಹಾಡು ಕೇಳುತ್ತಿದ್ದರಲ್ಲ, ಅದೇ ಥರದ ಕ್ಯಾಸೆಟ್. ಟೇಪ್ ರೆಕಾರ್ಡರ್‌ಗೆ ಹಾಕಿ ಪ್ಲೇ ಒತ್ತಿದರೆ ಈ ಕೀರಲು ಸದ್ದು ಕಂಪ್ಯೂಟರ್‌ಗೆ ಹೋಗುತ್ತಿತ್ತು. ನಾಲ್ಕೈದು ನಿಮಿಷ ಉಸಿರು ಬಿಗಿಹಿಡಿದು ಕೂತರೆ ಗೇಮ್ ಶುರು. ನಡುವೆ ಏನಾದರೂ ಎಡವಟ್ಟಾದರೆ ಟೇಪ್ ಹಿಂದಕ್ಕೆ ಸುತ್ತಿ ಮತ್ತೆ ಮೊದಲಿಂದ.

ಇವತ್ತಿನ ಕಥೆ ಎರಡು ಕಂಪ್ಯೂಟರ್‌ಗಳದ್ದು, ಅವುಗಳ ಹೆಸರಲ್ಲಿ ಕಿತ್ತಾಡಿದ ಮಕ್ಕಳದ್ದು. ಒಂದು ಕಡೆ ಝಡ್‌ಎಕ್ಸ್ ಸ್ಪೆಕ್ಟ್ರಮ್, ಇನ್ನೊಂದು ಕಡೆ ಕಮೊಡೋರ್ 64. ಆಗ ಶಾಲೆಯ ಮೈದಾನದಲ್ಲಿ ಜಗಳವಾಡಿದವರಿಗೆ ಈಗ ಐವತ್ತು ದಾಟಿದೆ. ತಲೆ ನರೆತಿದೆ. ಜಗಳ ಮಾತ್ರ ಹಾಗೇ ಇದೆ. "ನಿನ್ನ ಫೋನಿನ ಕ್ಯಾಮೆರಾ ಡಬ್ಬಾ, ನಂದು ಸೂಪರ್" ಅಂತ ನೀವು ಗೆಳೆಯರ ಜೊತೆ ವಾದ ಮಾಡ್ತೀರಲ್ಲ, ಅದರ ಅಜ್ಜ ಅಂದ್ಕೊಳ್ಳಿ ಇದನ್ನ.

ಆದರೆ ಈ ಜಗಳ ಬರೀ ತಮಾಷೆ ಅಲ್ಲ. ಇದರಿಂದ ಆದ ಒಂದು ಉಪಕಾರ ಇದೆ. ಅದು ನಿಮ್ಮ ಫೋನಿನಲ್ಲಿರೋ ಗೇಮ್‌ಗಳಿಗೂ ಸಂಬಂಧಪಟ್ಟಿದ್ದು. ಅಲ್ಲಿಗೆ ಕೊನೆಯಲ್ಲಿ ಬರೋಣ.

ಎರಡು ಯಂತ್ರ, ಎರಡು ಲೆಕ್ಕಾಚಾರ

ಮೊದಲು ಸ್ಪೆಕ್ಟ್ರಮ್. 1982ರ ಏಪ್ರಿಲ್‌ನಲ್ಲಿ ಬಂತು. ಮಾಡಿದ್ದು ಕೇಂಬ್ರಿಡ್ಜ್‌ನ ಸಿಂಕ್ಲೇರ್ ರಿಸರ್ಚ್. ಮಾಲೀಕ ಕ್ಲೈವ್ ಸಿಂಕ್ಲೇರ್. ಆತನ ಹಟ ಒಂದೇ: ಕಂಪ್ಯೂಟರ್ ಅಗ್ಗವಾಗಿರಬೇಕು, ಸಾಮಾನ್ಯ ಮನೆಯವರೂ ಕೊಳ್ಳುವ ಹಾಗಿರಬೇಕು. 16 ಕೆಬಿ ಮೆಮೊರಿಯದ್ದು 125 ಪೌಂಡ್, 48 ಕೆಬಿಯದ್ದು 175 ಪೌಂಡ್. ಕೆಬಿ ಅಂದೆ, ಎಂಬಿ ಅಲ್ಲ, ಜಿಬಿ ಅಂತೂ ಅಲ್ಲವೇ ಅಲ್ಲ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರೊಳಗೆ ಹಿಡಿಸೋದು ಅನುಮಾನ. ನೋಡೋಕೆ ಕಪ್ಪಗೆ, ಒಂದು ಪುಸ್ತಕದಷ್ಟು ದೊಡ್ಡದು. ಕೀಲಿಗಳು ರಬ್ಬರಿನವು. ಒತ್ತಿದರೆ ಮೆತ್ತಗೆ, ರಬ್ಬರ್ ಅಳಿಸುವುದನ್ನು ಒತ್ತಿದ ಹಾಗೆ. ಪರದೆ ಅಂತ ಬೇರೆ ಇಲ್ಲ, ಮನೆಯ ಟಿವಿಗೇ ಜೋಡಿಸಬೇಕು.

ಈಗ ಕಮೊಡೋರ್ 64. ಅದೇ ವರ್ಷ ಅಮೆರಿಕದಲ್ಲಿ ಬಂತು, ಬೆಲೆ 595 ಡಾಲರ್. ಕಂಪನಿ ಕಟ್ಟಿದವರು ಜ್ಯಾಕ್ ಟ್ರಮೀಲ್. ಪೋಲೆಂಡಿನಲ್ಲಿ ಹುಟ್ಟಿ, ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವರು. ಅವರ ಕಂಪನಿಗೆ ಒಂದು ದೊಡ್ಡ ಅನುಕೂಲ ಇತ್ತು. ಚಿಪ್ ಮಾಡುವ ಕಾರ್ಖಾನೆಯೇ ಸ್ವಂತದ್ದು. ಹಾಗಾಗಿ ಕಮೊಡೋರ್ 64ರಲ್ಲಿ 64 ಕೆಬಿ ಮೆಮೊರಿ, ಚಿತ್ರಕ್ಕೆ ಬೇರೆ ಚಿಪ್, ಸಂಗೀತಕ್ಕೆ ಬೇರೆ ಚಿಪ್. ಸರಿಯಾದ ಕೀಬೋರ್ಡ್. ದಪ್ಪನೆಯ ಕಂದು ಡಬ್ಬಿ. ಅದಕ್ಕೇ ಬ್ರಿಟನ್ನಿನಲ್ಲಿ ಇದಕ್ಕೆ "ಬ್ರೆಡ್ ಡಬ್ಬಿ" ಅಂತ ಅಡ್ಡಹೆಸರು ಬಿತ್ತು.

ಆದರೆ ಬೆಲೆ? ಬ್ರಿಟನ್ನಿನಲ್ಲಿ ಶುರುವಿನಲ್ಲಿ ಸ್ಪೆಕ್ಟ್ರಮ್‌ಗಿಂತ ಸುಮಾರು ಎರಡು ಪಟ್ಟು. ಜಗಳದ ಬೇರು ಇಲ್ಲೇ ಇದೆ. ಅಮೆರಿಕದಲ್ಲಿ ಸ್ಪೆಕ್ಟ್ರಮ್ ಲೆಕ್ಕಕ್ಕೇ ಇರಲಿಲ್ಲ, ಅಲ್ಲಿ ಈ ಜಗಳವೂ ಇರಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ ಒಂದೇ ಬೀದಿಯ ಒಂದು ಮನೆಯಲ್ಲಿ ಇದು, ಪಕ್ಕದ ಮನೆಯಲ್ಲಿ ಅದು.

ಜಗಳ ಯಾಕೆ ಅಷ್ಟು ಜೋರು?

ಸ್ವಲ್ಪ ಆ ಹುಡುಗನ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಮಗೆ ಹನ್ನೊಂದು ವರ್ಷ. ಕ್ರಿಸ್‌ಮಸ್‌ಗೆ ಅಪ್ಪ ಒಂದು ಕಂಪ್ಯೂಟರ್ ತಂದಿದ್ದಾರೆ. ಯಾವುದು ಅಂತ ನೀವು ಆರಿಸಿದ್ದಲ್ಲ. ಅಪ್ಪನ ಜೇಬು ಆರಿಸಿದ್ದು. ಇನ್ನು ನಾಲ್ಕೈದು ವರ್ಷ ಅದೇ ಗತಿ. ಅದರಲ್ಲಿ ಬರೋ ಗೇಮ್ ಮಾತ್ರ ನಿಮ್ಮವು. ಸ್ಪೆಕ್ಟ್ರಮ್‌ನ ಕ್ಯಾಸೆಟ್ ಕಮೊಡೋರ್‌ನಲ್ಲಿ ಓಡಲ್ಲ, ಕಮೊಡೋರ್‌ದು ಸ್ಪೆಕ್ಟ್ರಮ್‌ನಲ್ಲಿ ಓಡಲ್ಲ.

ಇನ್ನೊಂದು ವಿಷಯ. ಕ್ಯಾಸೆಟ್ ಅಂದ ಮೇಲೆ ಕಾಪಿ ಮಾಡಬಹುದು. ಎರಡು ಕ್ಯಾಸೆಟ್ ಹಿಡಿಸೋ ಟೇಪ್ ರೆಕಾರ್ಡರ್ ಇದ್ದರೆ ಸಾಕು. ಇದು ತಪ್ಪೇ, ಕಂಪನಿಗಳಿಗೆ ನಷ್ಟವೇ. ತಡೆಯೋಕೆ ಅವರೂ ಏನೇನೋ ಮಾಡಿದರು. 1984ರಲ್ಲಿ ಬಂದ "ಜೆಟ್ ಸೆಟ್ ವಿಲ್ಲಿ" ಗೇಮ್ ಜೊತೆ ಬಣ್ಣ ಬಣ್ಣದ ಚೌಕಗಳಿದ್ದ ಒಂದು ಚೀಟಿ ಕೊಡುತ್ತಿದ್ದರು. ಗೇಮ್ ಶುರುವಾಗುವಾಗ "ಇಂಥ ಸಾಲಿನ ಬಣ್ಣ ಯಾವುದು?" ಅಂತ ಕೇಳುತ್ತಿತ್ತು. ಬಣ್ಣವೇ ಯಾಕೆ? ಆಗಿನ ಸಾಮಾನ್ಯ ಜೆರಾಕ್ಸ್ ಯಂತ್ರದಲ್ಲಿ ಬರೋದು ಕಪ್ಪು ಬಿಳುಪು ಮಾತ್ರ! ಆದರೂ ಮಕ್ಕಳು ಬಿಡಲಿಲ್ಲ. ಕೂತು ಕೈಯಲ್ಲೇ ಬಣ್ಣ ಹಚ್ಚಿ ನಕಲು ಇಳಿಸಿಕೊಂಡರು.

ಅಂದರೆ ಏನಾಯ್ತು? ನಿಮ್ಮ ಹತ್ತಿರ ಎಷ್ಟು ಗೇಮ್ ಇದೆ ಅನ್ನೋದು ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನರ ಹತ್ತಿರ ಅದೇ ಕಂಪ್ಯೂಟರ್ ಇದೆ ಅನ್ನೋದರ ಮೇಲೆ ನಿಂತಿತ್ತು. ಗೆಳೆಯ ಸ್ಪೆಕ್ಟ್ರಮ್ ಬಿಟ್ಟು ಕಮೊಡೋರ್ ಕಡೆ ಹೋದ ಅಂದರೆ ಒಬ್ಬ ಗೆಳೆಯ ಮಾತ್ರ ಅಲ್ಲ, ಅರ್ಧ ಲೈಬ್ರರಿಯೇ ಹೋಯ್ತು. ಆ ಮಕ್ಕಳು ಹೊಡೆದಾಡುತ್ತಿದ್ದದ್ದು ಚಿಪ್‌ಗಾಗಿ ಅಲ್ಲ. ತಮ್ಮ ಗುಂಪು ದೊಡ್ಡದಾಗಲಿ ಅಂತ, ಜೊತೆಗೆ ಅಪ್ಪ ಕೊಟ್ಟ ದುಡ್ಡು ದಂಡವಾಗಲಿಲ್ಲ ಅಂತ ತಮಗೆ ತಾವೇ ಹೇಳಿಕೊಳ್ಳೋಕೆ.

ವಾದ, ಪ್ರತಿವಾದ

ಸರಿ, ವಾದ ಹೇಗಿರುತ್ತಿತ್ತು?

ಕಮೊಡೋರ್ ಹುಡುಗ ಮೊದಲು ಎತ್ತೋದು ಬಣ್ಣದ ವಿಷಯ. ಸ್ಪೆಕ್ಟ್ರಮ್ ಪರದೆಯಲ್ಲಿ ಒಂದು ವಿಚಿತ್ರ ತೊಂದರೆ ಇತ್ತು. ಹಳದಿ ಬಟ್ಟೆಯ ಹೀರೋ ಹಸಿರು ಮರದ ಮುಂದೆ ಹೋದರೆ ಅವನೂ ಹಸಿರಾಗಿಬಿಡುತ್ತಿದ್ದ, ಇಲ್ಲವೇ ಮರವೇ ಹಳದಿಯಾಗುತ್ತಿತ್ತು. ಯಾಕೆ ಹೀಗೆ? ಲೆಕ್ಕ ಸುಲಭ, ಕೇಳಿ.

ಸ್ಪೆಕ್ಟ್ರಮ್ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ. ಪ್ರತಿ ಚುಕ್ಕಿಗೂ ತನ್ನದೇ ಬಣ್ಣ ಇಡಬೇಕು ಅಂದರೆ ಸುಮಾರು 24 ಕೆಬಿ ಬೇಕು. 16 ಕೆಬಿ ಯಂತ್ರದಲ್ಲಿ ಅದು ಎಲ್ಲಿಂದ ಬರಬೇಕು? ಅದಕ್ಕೆ ಎಂಜಿನಿಯರ್‌ಗಳು ಒಂದು ಉಪಾಯ ಮಾಡಿದರು. ಪರದೆಯನ್ನ 8ಕ್ಕೆ 8 ಚುಕ್ಕಿಯ ಚೌಕಗಳಾಗಿ ಹಂಚಿ, ಒಂದು ಚೌಕಕ್ಕೆ ಎರಡೇ ಬಣ್ಣ ಅಂತ ಕಟ್ಟು ಹಾಕಿದರು. ಇಡೀ ಪರದೆ 6,912 ಬೈಟ್‌ನಲ್ಲಿ ಮುಗಿದುಹೋಯ್ತು. ದುಡ್ಡು ಉಳಿಯಿತು. ಆದರೆ ಹೀರೋ ಮತ್ತು ಮರ ಒಂದೇ ಚೌಕಕ್ಕೆ ಬಂದಾಗ ಯಾರಾದರೂ ಒಬ್ಬರು ಬಣ್ಣ ಬಿಟ್ಟುಕೊಡಲೇಬೇಕು.

ಕಮೊಡೋರ್‌ನಲ್ಲಿ ಹಾಗಿಲ್ಲ. ಅದರ ಚಿತ್ರದ ಚಿಪ್‌ನಲ್ಲಿ ಎಂಟು ಸ್ಪ್ರೈಟ್ ಇದ್ದವು. ಸ್ಪ್ರೈಟ್ ಅಂದರೆ ಹಿಂದಿನ ಚಿತ್ರ ಕೆಡದ ಹಾಗೆ ಅದರ ಮೇಲೆ ಓಡಾಡೋ ಪುಟ್ಟ ಬೊಂಬೆ. ಪರದೆಯನ್ನ ನುಣ್ಣಗೆ ಪಕ್ಕಕ್ಕೆ ಸರಿಸೋ ಕೆಲಸವೂ ಚಿಪ್‌ನದ್ದೇ. 1986ರ "ಯುರಿಡಿಯಮ್" ಗೇಮ್ ನೋಡಿ, ಆ್ಯಂಡ್ರ್ಯೂ ಬ್ರೇಬ್ರೂಕ್ ಬರೆದದ್ದು. ದೊಡ್ಡ ಬಾಹ್ಯಾಕಾಶ ಹಡಗಿನ ಮೇಲೆ ನಿಮ್ಮ ವಿಮಾನ ಜಾರಿಕೊಂಡು ಹೋಗೋದು ಈಗ ನೋಡಿದರೂ ಖುಷಿಯಾಗುತ್ತೆ.

ಆಮೇಲೆ ಸಂಗೀತ. ಇಲ್ಲಿ ಕಮೊಡೋರ್‌ದೇ ಗೆಲುವು ಅಂತ ಸ್ಪೆಕ್ಟ್ರಮ್‌ನವರೂ ಗುಟ್ಟಾಗಿ ಒಪ್ಪುತ್ತಿದ್ದರು. ಕಮೊಡೋರ್‌ನ ಸಿಡ್ ಚಿಪ್ ಮಾಡಿದ್ದು ಬಾಬ್ ಯಾನ್ಸ್. ಮುಂದೆ ಇವರೇ ಎನ್‌ಸೋನಿಕ್ ಅನ್ನೋ ಸಂಗೀತ ವಾದ್ಯದ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. ಸಿಡ್‌ನಲ್ಲಿ ಮೂರೇ ದನಿ. ಆದರೆ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಥರದವರು ಒಂದೇ ದನಿಯಲ್ಲಿ ಸ್ವರಗಳನ್ನ ಸರಸರನೆ ಬದಲಾಯಿಸಿ, ಇಡೀ ವಾದ್ಯವೃಂದ ನುಡಿಸಿದ ಹಾಗೆ ಕೇಳಿಸುತ್ತಿದ್ದರು. ಗೇಮ್ ಲೋಡ್ ಆಗುವಾಗಲೇ ಹಾಡು ಬರುತ್ತಿತ್ತು. ಆ ಹಾಡು ಕೇಳೋಕೆ ಅಂತಲೇ ಕ್ಯಾಸೆಟ್ ಹಾಕೋರೂ ಇದ್ದರು.

ಸ್ಪೆಕ್ಟ್ರಮ್‌ನಲ್ಲಿ? ಒಂದು ಪುಟ್ಟ ಸ್ಪೀಕರ್, ಬೀಪ್ ಅನ್ನೋದೊಂದೇ ಗೊತ್ತು. ಆ ಬೀಪ್ ಹೊರಡಿಸೋಕೂ ಮುಖ್ಯ ಚಿಪ್ಪೇ ಕೈಯಾರೆ ಕೆಲಸ ಮಾಡಬೇಕು, ಅಷ್ಟು ಹೊತ್ತು ಗೇಮ್ ಕಾಯಬೇಕು. ಆದರೂ 1983ರಲ್ಲಿ ಮ್ಯಾಥ್ಯೂ ಸ್ಮಿತ್ ಅನ್ನೋ ಹದಿಹರೆಯದ ಹುಡುಗ "ಮ್ಯಾನಿಕ್ ಮೈನರ್" ಬರೆದಾಗ, ಆಟದ ನಡುನಡುವೆ ಚೂರುಚೂರೇ ಸಮಯ ಕದ್ದು, ಆಡುತ್ತಿರುವಾಗಲೇ ಹಿನ್ನೆಲೆಯಲ್ಲಿ ರಾಗ ನುಡಿಸಿಬಿಟ್ಟ.

ಈಗ ಸ್ಪೆಕ್ಟ್ರಮ್ ಹುಡುಗನ ಸರದಿ. ಅವನ ಮೊದಲ ಬಾಣ: "ನಿನ್ನ ಬಣ್ಣ ನೋಡಿದೀಯಾ? ಎಲ್ಲಾ ಕಂದು, ಎಲ್ಲಾ ಬೂದು!" ತಪ್ಪೇನಿಲ್ಲ. ಕಮೊಡೋರ್‌ನ 16 ಬಣ್ಣದಲ್ಲಿ ಬೂದು ಒಂದೇ ಮೂರು ಥರ, ಮೇಲೆ ಕಂದು ಬೇರೆ. ಹೆಚ್ಚು ಬಣ್ಣ ಬೇಕು ಅಂದರೆ ಚುಕ್ಕಿಗಳ ಅಗಲ ಎರಡರಷ್ಟಾಗಿ ಚಿತ್ರ ಒರಟಾಗಿ ಕಾಣುತ್ತಿತ್ತು. ಸ್ಪೆಕ್ಟ್ರಮ್‌ನ ಗೆರೆಗಳು ಚೂಪು.

ಎರಡನೇ ಬಾಣ: "64 ಕೆಬಿ ಅಂತೀಯಾ, ಆನ್ ಮಾಡಿದ ತಕ್ಷಣ 38,911 ಬೈಟ್ ಮಾತ್ರ ಖಾಲಿ ಅಂತ ಅದೇ ಹೇಳುತ್ತಲ್ಲೋ!" ನಿಜವಾಗಲೂ ಪರದೆ ಮೇಲೆ ಹಾಗೇ ಬರುತ್ತಿತ್ತು. ಗೇಮ್ ಬರೆಯೋರು ಉಳಿದ ಮೆಮೊರಿಯನ್ನೂ ಬಳಸಬಹುದಿತ್ತು ಅನ್ನೋದು ಬೇರೆ ಮಾತು. ಮೈದಾನದಲ್ಲಿ ಅಷ್ಟೆಲ್ಲ ಯಾರು ಕೇಳ್ತಾರೆ?

ಮೂರನೇ ಬಾಣ ದೊಡ್ಡದು: ಗೇಮ್‌ಗಳು. 1984ರಲ್ಲಿ ಅಲ್ಟಿಮೇಟ್ ಅನ್ನೋ ಕಂಪನಿ "ನೈಟ್ ಲೋರ್" ತಂದಿತು. ಕೋಣೆಯನ್ನ ಮೂಲೆಯಿಂದ, ಸ್ವಲ್ಪ ಮೇಲಿಂದ ನೋಡಿದ ಹಾಗೆ ಚಿತ್ರ. ಮೇಜಿನ ಹಿಂದೆ ಹೋದರೆ ಹೀರೋ ನಿಜವಾಗಲೂ ಮರೆಯಾಗುತ್ತಾನೆ. ಜನ ಬಾಯಿ ಬಿಟ್ಟು ನೋಡಿದರು. ಇದರಲ್ಲಿ ಮಜಾ ಏನು ಗೊತ್ತಾ? ಬಣ್ಣ ಬೆರೆಯೋ ತೊಂದರೆ ತಪ್ಪಿಸೋಕೆ ಅವರು ಕೋಣೆಯ ಚಿತ್ರಕ್ಕೆಲ್ಲ ಒಂದೇ ಬಣ್ಣ ಹಾಕಿದರು. ಬಣ್ಣ ಹೋಯ್ತು, ಆಳ ಬಂತು. ಆ ಕಾಲದಲ್ಲಿ ಕಮೊಡೋರ್‌ನವರಿಗೆ ಈ ಗೇಮ್ ಸಿಗಲೇ ಇಲ್ಲ. ಅತ್ತ 1987ರ "ದಿ ಲಾಸ್ಟ್ ನಿಂಜಾ" ಕಮೊಡೋರ್‌ಗೆ ಬಂತು, ಮೊದಲ ಭಾಗ ಸ್ಪೆಕ್ಟ್ರಮ್‌ನವರ ಕೈಗೆ ಹತ್ತಲಿಲ್ಲ.

ಎರಡಕ್ಕೂ ಬಂದ ಗೇಮ್‌ಗಳಲ್ಲಿ ಜಗಳ ಇನ್ನೂ ಖಾರ. "ಚೇಸ್ ಎಚ್‌ಕ್ಯೂ" ಅಂತ ಒಂದು ಪೊಲೀಸ್ ಕಾರಿನ ಗೇಮ್. ಬಲ ಜಾಸ್ತಿ ಇದ್ದ ಕಮೊಡೋರ್‌ನಲ್ಲಿ ಅದು ಸಪ್ಪೆ. ಬಣ್ಣವೇ ಇಲ್ಲದ ಸ್ಪೆಕ್ಟ್ರಮ್‌ನಲ್ಲಿ ಅದ್ಭುತ. ಸ್ಪೆಕ್ಟ್ರಮ್‌ನವರು ಇವತ್ತಿಗೂ ವಾದದಲ್ಲಿ ಸೋಲುವಾಗ ಎತ್ತೋ ಬ್ರಹ್ಮಾಸ್ತ್ರ ಇದೇ.

ಇಲ್ಲಿ ಒಂದು ಮಾತು ಗಮನಿಸಿ. ಒಂದರ ಗೇಮ್ ಇನ್ನೊಂದರ ಗೇಮ್ ಥರ ಇರಲಿಲ್ಲ. ಸ್ಪೆಕ್ಟ್ರಮ್‌ನಲ್ಲಿ ಸಹಾಯಕ್ಕೆ ಬೇರೆ ಚಿಪ್ ಇಲ್ಲ, ಹಾಗಾಗಿ ಅಲ್ಲಿ ವಿಚಿತ್ರ ಕಲ್ಪನೆ, ಒಗಟು, ಕೋಣೆ ಕೋಣೆ ಹುಡುಕಾಟ ಬೆಳೆಯಿತು. ಕಮೊಡೋರ್‌ನಲ್ಲಿ ಓಟ, ಗುಂಡು, ಸಂಗೀತ ಬೆಳೆಯಿತು. ಯಾವುದು ಮೇಲು ಅಂದರೆ ಉತ್ತರ ಇಲ್ಲ. ಇವು ಎರಡು ಬೇರೆ ಬೇರೆ ಅಡುಗೆಮನೆ.

ಎರಡೂ ಬಾವುಟ ಹೊಲಿದ ಒಂದೇ ಅಂಗಡಿ

ಈಗ ಒಂದು ಟ್ವಿಸ್ಟ್. ಸ್ಪೆಕ್ಟ್ರಮ್ ಅಭಿಮಾನಿಗಳ ಪ್ರೀತಿಯ ಪತ್ರಿಕೆ "ಕ್ರ್ಯಾಶ್". 1984ರಲ್ಲಿ ಶುರುವಾದದ್ದು. ಕಮೊಡೋರ್‌ನವರದ್ದು "ಝ್ಯಾಪ್ 64", 1985ರಲ್ಲಿ ಬಂತು. ಎರಡೂ ಕಡೆಯವರು ತಮ್ಮ ಪತ್ರಿಕೆ ಹಿಡಿದು ಎದುರು ಪಾರ್ಟಿಯನ್ನ ಆಡಿಕೊಳ್ಳುತ್ತಿದ್ದರು. ಈ ಎರಡೂ ಪತ್ರಿಕೆ ನಡೆಸುತ್ತಿದ್ದವರು ಯಾರು? ಒಬ್ಬರೇ! ಇಂಗ್ಲೆಂಡಿನ ಲಡ್ಲೋ ಅನ್ನೋ ಸಣ್ಣ ಪಟ್ಟಣದ ನ್ಯೂಸ್‌ಫೀಲ್ಡ್ ಕಂಪನಿ. ಎರಡರ ಮುಖಪುಟಕ್ಕೂ ಚಿತ್ರ ಬರೆಯುತ್ತಿದ್ದದ್ದು ಆಲಿವರ್ ಫ್ರೇ ಅನ್ನೋ ಒಬ್ಬರೇ ಕಲಾವಿದ.

ಇನ್ನೂ ಕೇಳಿ. ಈಗ ಎರಡೂ ಕಂಪ್ಯೂಟರ್‌ಗಳ ಹೊಸ ನಕಲು ಮಾರುಕಟ್ಟೆಯಲ್ಲಿ ಸಿಗುತ್ತೆ. ಕಮೊಡೋರ್ 64ರ ಪುಟ್ಟ ರೂಪ 2018ರಲ್ಲಿ, 64 ಗೇಮ್ ಜೊತೆ ಬಂತು. ಸ್ಪೆಕ್ಟ್ರಮ್‌ನ ರೂಪ 2024ರಲ್ಲಿ, 48 ಗೇಮ್ ಜೊತೆ. ಎರಡನ್ನೂ ಮಾರೋದು ರೆಟ್ರೋ ಗೇಮ್ಸ್ ಅನ್ನೋ ಒಂದೇ ಬ್ರಿಟಿಷ್ ಕಂಪನಿ. ಅಂದರೆ ನಾವು ಜಗಳ ಆಡುವಾಗ, ಎರಡೂ ಕಡೆಗೆ ಬಾವುಟ ಹೊಲಿದು ಕೊಡೋ ಅಂಗಡಿ ಬಹಳ ಸಲ ಒಂದೇ ಇರುತ್ತೆ. ಮುಂದಿನ ಸಲ ಫೋನಿನ ವಾದ ಮಾಡುವಾಗ ಇದನ್ನ ನೆನಪಿಡಿ.

ಜಗಳದ ಗೆರೆ ದಾಟಿದವರೂ ಇದ್ದರು. ಸ್ಪೆಕ್ಟ್ರಮ್‌ಗಳನ್ನ ಜೋಡಿಸುತ್ತಿದ್ದದ್ದು ಸ್ಕಾಟ್ಲೆಂಡಿನ ಡಂಡಿ ಊರಿನ ಟೈಮೆಕ್ಸ್ ಕಾರ್ಖಾನೆ. ಅಲ್ಲಿ ಕೆಲಸಕ್ಕಿದ್ದ ಡೇವಿಡ್ ಜೋನ್ಸ್ ಅನ್ನೋ ಯುವಕ ಕೆಲಸ ಬಿಟ್ಟಾಗ ಸಿಕ್ಕ ಪರಿಹಾರದ ದುಡ್ಡಲ್ಲಿ ಕೊಂಡದ್ದು ಏನು? ಕಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರ್! ಆಮೇಲೆ ಗೆಳೆಯರ ಜೊತೆ ಡಿಎಂಎ ಡಿಸೈನ್ ಅಂತ ಕಂಪನಿ ಮಾಡಿದರು. ಆ ಕಂಪನಿ 1997ರಲ್ಲಿ ತಂದ ಗೇಮ್ ಹೆಸರು ಗ್ರ್ಯಾಂಡ್ ಥೆಫ್ಟ್ ಆಟೋ. ಹೌದು, ನಿಮ್ಮ ಜಿಟಿಎ.

ನಮ್ಮ ಕಡೆ

ಇದೆಲ್ಲ ನಮ್ಮಲ್ಲಿ ಇತ್ತಾ? ಸ್ವಲ್ಪ ಇತ್ತು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ಲೈಸೆನ್ಸ್ ಪಡೆದು "ಡಿಬಿ ಸ್ಪೆಕ್ಟ್ರಮ್ ಪ್ಲಸ್" ಹೆಸರಲ್ಲಿ ಇದನ್ನ ಭಾರತದಲ್ಲಿ ಮಾರಿತು. ಆದರೆ ಬೀದಿಬೀದಿಯಲ್ಲಿ ಎರಡು ಪಾರ್ಟಿ ಆಗುವಷ್ಟು ಕಂಪ್ಯೂಟರ್ ನಮ್ಮ ಮನೆಗಳಲ್ಲಿ ಆಗ ಇರಲಿಲ್ಲ. ಹಾಗಾಗಿ ಈ ಜಗಳ ನಮ್ಮದಾಗಲಿಲ್ಲ.

ಜಗಳದಿಂದ ಆದ ಉಪಕಾರ

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬರೋಣ.

1986ರಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯಾಪಾರವನ್ನ ಆಮ್‌ಸ್ಟ್ರಾಡ್ ಕಂಪನಿಗೆ 50 ಲಕ್ಷ ಪೌಂಡ್‌ಗೆ ಮಾರಿಬಿಟ್ಟರು. 1994ರಲ್ಲಿ ಕಮೊಡೋರ್ ದಿವಾಳಿಯಾಯಿತು. ಗೇಮ್ ಮಾಡಿದ ಬಹಳಷ್ಟು ಕಂಪನಿಗಳೂ ಮುಚ್ಚಿದವು. ಹಳೆ ಕ್ಯಾಸೆಟ್‌ಗಳು ಅಟ್ಟ ಸೇರಿದವು. ಕ್ಯಾಸೆಟ್ ಅಂದರೆ ಕಾಂತೀಯ ಪಟ್ಟಿ. ವರ್ಷ ಕಳೆದ ಹಾಗೆ ಅದರಲ್ಲಿರೋದು ಮಸುಕಾಗುತ್ತಾ ಹೋಗುತ್ತೆ. ಯಾರೂ ಏನೂ ಮಾಡದೇ ಇದ್ದಿದ್ದರೆ ಈ ಗೇಮ್‌ಗಳೆಲ್ಲ ಸದ್ದಿಲ್ಲದೆ ಅಳಿಸಿಹೋಗಬೇಕಿತ್ತು.

ಉಳಿಸಿದ್ದು ಯಾರು? ಅದೇ ಜಗಳಗಂಟ ಮಕ್ಕಳು, ಈಗ ದೊಡ್ಡವರಾದವರು. ಕ್ಯಾಸೆಟ್‌ನ ಕೀರಲು ಸದ್ದನ್ನ ಕಂಪ್ಯೂಟರ್ ಫೈಲ್ ಆಗಿ ಬದಲಾಯಿಸಿದರು. ಹಳೆ ಯಂತ್ರದ ಥರವೇ ನಡೆದುಕೊಳ್ಳೋ ಎಮ್ಯುಲೇಟರ್ ಬರೆದರು. 1995ರಲ್ಲಿ ಶುರುವಾದ "ವರ್ಲ್ಡ್ ಆಫ್ ಸ್ಪೆಕ್ಟ್ರಮ್" ಅನ್ನೋ ಸಂಗ್ರಹ ಗೇಮ್‌ಗಳನ್ನ ಒಂದೊಂದಾಗಿ ಕೂಡಿಸಿತು, ಹಕ್ಕುದಾರರನ್ನ ಹುಡುಕಿ ಒಪ್ಪಿಗೆಯನ್ನೂ ಕೇಳಿತು. 1999ರಲ್ಲಿ ಆಮ್‌ಸ್ಟ್ರಾಡ್ ಕೂಡ ಒಪ್ಪಿತು: ಹಕ್ಕು ನಮ್ಮದೇ, ಆದರೆ ಸ್ಪೆಕ್ಟ್ರಮ್‌ನ ಒಳಗಿನ ಮೂಲ ಪ್ರೋಗ್ರಾಂ ಅನ್ನ ಎಮ್ಯುಲೇಟರ್ ಜೊತೆ ಹಂಚಬಹುದು ಅಂತ. ಎದುರು ಪಾರ್ಟಿಯವರು ಸುಮ್ಮನಿರ್ತಾರಾ? ಅವರು ಸಿಡ್ ಸಂಗೀತವನ್ನೆಲ್ಲ ಒಟ್ಟು ಮಾಡಿದರು. ಆ ಸಂಗ್ರಹದಲ್ಲಿ ಈಗ 50,000ಕ್ಕೂ ಹೆಚ್ಚು ರಾಗಗಳಿವೆ.

ಇದಕ್ಕೆ ಯಾರೂ ಸಂಬಳ ಕೊಡಲಿಲ್ಲ. "ನಮ್ಮ ಕಂಪ್ಯೂಟರ್ ಗೇಮೇ ಗ್ರೇಟ್" ಅನ್ನೋ ಹಟವೇ ಅವರನ್ನ ರಾತ್ರಿಯೆಲ್ಲ ಎಚ್ಚರ ಇಟ್ಟಿದ್ದು. ನಮ್ಮದು ಮೇಲು ಅಂತ ತೋರಿಸಬೇಕು ಅಂದರೆ, ನಮ್ಮದು ಉಳಿದಿರಬೇಕಲ್ಲ?

ಈಗ ನಿಮ್ಮ ಫೋನ್ ತೆಗೆದು ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಮ್ಮ ದೇಶದಲ್ಲಿ ಬ್ಯಾನ್ ಆಯ್ತು, ನೆನಪಿದೆಯಾ? ಅಕ್ಟೋಬರ್ ಕೊನೆಗೆ ಸರ್ವರ್ ನಿಂತಿತು. ಫೋನಿನಲ್ಲಿ ಆ್ಯಪ್ ಹಾಗೇ ಇತ್ತು, ಆಡೋಕೆ ಮಾತ್ರ ಆಗಲಿಲ್ಲ. ಬ್ಯಾನ್ ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯ ಅಲ್ಲ. ನಾನು ಹೇಳೋದು ಇಷ್ಟೇ: ಮ್ಯಾನಿಕ್ ಮೈನರ್ ಕ್ಯಾಸೆಟ್ ಆ ಹುಡುಗನ ಕೈಯಲ್ಲಿತ್ತು. ಕಂಪನಿ ಮುಚ್ಚಿದರೂ ಅವನ ಹತ್ತಿರ ಉಳಿಯಿತು, ಉಳಿದದ್ದಕ್ಕೇ ಇವತ್ತು ನೀವೂ ಅದನ್ನ ಆಡಬಹುದು. ನಾವು ಆಡೋ ಬಹಳಷ್ಟು ಗೇಮ್‌ಗಳ ಅರ್ಧ ಜೀವ ಇರೋದು ಎಲ್ಲೋ ದೂರದ ಸರ್ವರ್‌ನಲ್ಲಿ. ಸ್ವಿಚ್ ಆಫ್ ಮಾಡಿದರೆ, ಎಷ್ಟೇ ಹಟ ಇದ್ದರೂ ನಮ್ಮ ಹತ್ತಿರ ಉಳಿಸೋಕೆ ಏನೂ ಇರಲ್ಲ.

ಹಾಗಾಗಿ ನಿಮಗೆ ಒಂದು ಪ್ರಶ್ನೆ ಬಿಟ್ಟು ಹೋಗ್ತೀನಿ. ನಿಮಗೆ ತುಂಬಾ ಇಷ್ಟವಾದ ಗೇಮ್ ಯಾವುದು? ಇನ್ನು 40 ವರ್ಷ ಆದ ಮೇಲೆ, ನಿಮಗೆ ಅರವತ್ತಾದಾಗ, ಅದನ್ನ ಮೊಮ್ಮಗಳಿಗೆ ತೋರಿಸಬೇಕು ಅನ್ನಿಸಿದರೆ ಅದು ಇರುತ್ತಾ? ಇಂಟರ್ನೆಟ್ ಇಲ್ಲದೆ ಓಡೋ ಗೇಮ್ ನಿಮ್ಮ ಫೋನಿನಲ್ಲಿ ಎಷ್ಟಿವೆ? ಒಮ್ಮೆ ಏರೋಪ್ಲೇನ್ ಮೋಡ್ ಹಾಕಿ ಒಂದೊಂದೇ ತೆರೆದು ನೋಡಿ. ಉತ್ತರ ಅಲ್ಲೇ ಸಿಗುತ್ತೆ.

ಅಂದಹಾಗೆ, ಸ್ಪೆಕ್ಟ್ರಮ್ ದೊಡ್ಡದೋ, ಕಮೊಡೋರ್ ದೊಡ್ಡದೋ? ನೀವು ಯಾವ ಪಾರ್ಟಿ ಅಂತ ಗೆಳೆಯರ ಜೊತೆ ಕೂತು ತೀರ್ಮಾನ ಮಾಡಿ. ಜಗಳ ಆಡಿ, ಪರವಾಗಿಲ್ಲ. ನಿಮ್ಮ ಕಡೆಯದ್ದನ್ನ ಉಳಿಸಿಕೊಳ್ಳೋದನ್ನ ಮಾತ್ರ ಮರೀಬೇಡಿ.